ಮಳೆಗಾಲದ ಮಲೆನಾಡಿನಲ್ಲಿ ಕ್ಯಾಮೆರಾ: ಹವ್ಯಾಸಿ ಛಾಯಾಗ್ರಾಹಕರಿಗೊಂದು ಕೈಪಿಡಿ

ಪ್ರವಾಸಕ್ಕೆ ಕ್ಯಾಮೆರಾ ಹಿಡಿದು ಹೊರಡುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಮಲೆನಾಡಿಗೆ ಹೋಗಲು ಮಳೆಗಾಲ ಮುಗಿಯಲಿ ಎಂದು ಕಾಯುತ್ತಾರೆ. ಆಗ ರಸ್ತೆ ಒಣಗಿರುತ್ತದೆ, ಆಕಾಶ ನೀಲಿಯಾಗಿರುತ್ತದೆ, ಲೆನ್ಸಿನ ಮೇಲೆ ಹನಿ ಬೀಳುವ ಭಯವೂ ಇರುವುದಿಲ್ಲ. ಆದರೆ ಜೋಗದಲ್ಲಿ ತುಂಬು ನೀರು ಧುಮುಕುವುದು, ಕುದುರೆಮುಖದ ಹುಲ್ಲುಗಾವಲಿನ ಮೇಲೆ ಮಂಜು ಹಾಯುವುದು, ಹಳ್ಳದ ಮೇಲಿನ ಕೊಂಬೆಗಳಲ್ಲಿ ಹಾರುವ ಕಪ್ಪೆಗಳು ನೊರೆಗೂಡು ಕಟ್ಟುವುದು ಮಳೆಯ ತಿಂಗಳುಗಳಲ್ಲೇ. ಈ ದಿನಗಳಲ್ಲಿ ಒಳ್ಳೆಯ ಚಿತ್ರ ತರಲು ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಬೇಕಾಗುವುದು ಇರುವ ಸಲಕರಣೆಯನ್ನು ಒಣಗಿಸಿಟ್ಟುಕೊಳ್ಳುವ ಶಿಸ್ತು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಬರಹದ ದೊಡ್ಡ ಪಾಲು ಆ ವಿಷಯಕ್ಕೇ ಮೀಸಲಾಗಿದೆ.

ಯಾವ ಮಳೆಯಲ್ಲಿ ಎಲ್ಲಿಗೆ

ಊರಿನವರು ಮಳೆಯನ್ನು ತಿಂಗಳ ಹೆಸರಿನಿಂದಲ್ಲ, ನಕ್ಷತ್ರದ ಹೆಸರಿನಿಂದ ಗುರುತಿಸುತ್ತಾರೆ. ಪ್ರವಾಸದ ದಿನ ಗೊತ್ತುಮಾಡಲು ಆ ಲೆಕ್ಕ ಇಂದಿಗೂ ಉಪಯುಕ್ತ. ಜೂನ್ ಮೂರನೆಯ ವಾರದ ಹೊತ್ತಿಗೆ ಆರಿದ್ರಾ ಹುಟ್ಟುತ್ತದೆ. ಜುಲೈ ತಿಂಗಳನ್ನು ಆಳುವ ಪುನರ್ವಸು ಮತ್ತು ಪುಷ್ಯ ಮಳೆಗಳು ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆಗಸ್ಟ್ ಮೊದಲಲ್ಲಿ ಆಶ್ಲೇಷಾ, ನಡುವಿನಲ್ಲಿ ಮಘೆ, ತಿಂಗಳ ಕೊನೆಗೆ ಹುಬ್ಬೆ ಬರುತ್ತವೆ. ಮೊದಲ ಬಾರಿಗೆ ಮಳೆಯಲ್ಲಿ ಚಿತ್ರ ತೆಗೆಯಲು ಹೋಗುವವರು ಮಘೆ ಮಳೆಯ ನಂತರದ ದಿನಗಳನ್ನು ಆರಿಸಿಕೊಳ್ಳುವುದು ಲೇಸು. ಹಸಿರಿಗೂ ನೀರಿಗೂ ಆಗ ಕೊರತೆಯಿರುವುದಿಲ್ಲ, ಜೊತೆಗೆ ದಿನದಲ್ಲಿ ಕೆಲವು ಸಲವಾದರೂ ಮಳೆ ಹೊಳವಾಗಿ ಕ್ಯಾಮೆರಾ ಹೊರತೆಗೆಯಲು ಅವಕಾಶ ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಬೀಳುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ. ಹೆಸರಾಂತ ಸೂರ್ಯಾಸ್ತ ವೀಕ್ಷಣಾ ಸ್ಥಳದಲ್ಲಿ ಜುಲೈ ತಿಂಗಳಲ್ಲಿ ನಿಂತವರಿಗೆ ಕಾಣುವುದು ಹೆಚ್ಚಿನ ಸಲ ಬಿಳಿಯ ಗೋಡೆ ಮಾತ್ರ. ಆ ತಿಂಗಳಲ್ಲಿ ಅಲ್ಲಿಗೆ ಹೋಗಬೇಕಾದದ್ದು ಕಾಡಿನ ಒಳಗಿನ ತೊರೆ, ಅಣಬೆ, ಕಪ್ಪೆಗಳಿಗಾಗಿ.

ಜೋಗದ ಲೆಕ್ಕ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಜಲಪಾತದ ಅಬ್ಬರ ಬಹುಮಟ್ಟಿಗೆ ಜಲಾಶಯದ ಮಟ್ಟವನ್ನು ಅವಲಂಬಿಸಿದೆ. ಗರಿಷ್ಠ ಮಟ್ಟವಾದ 1819 ಅಡಿಯ ಹತ್ತಿರಕ್ಕೆ ನೀರು ಬಂದಾಗ ಗೇಟುಗಳನ್ನು ತೆರೆಯುತ್ತಾರೆ; ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಕವಲುಗಳು ತಮ್ಮ ಪೂರ್ಣ ರೂಪದಲ್ಲಿ ಕಾಣುವುದು ಆಗ. ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ಹವಾಮಾನ ವರದಿಗಿಂತ ಮೊದಲು ಆ ಅಂಕಣವನ್ನು ನೋಡಿ ಹೊರಡುವುದು ಜಾಣತನ. ಕುದುರೆಮುಖದಂಥ ಸಂರಕ್ಷಿತ ಪ್ರದೇಶಗಳಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಪೂರ್ವಾನುಮತಿ ಬೇಕು. ಮಳೆ ಜೋರಾದಾಗ ದಾರಿಗಳನ್ನು ಮುಚ್ಚುವುದೂ ಉಂಟಾದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಬೇಕು.

ಚೀಲದಲ್ಲಿ ಏನಿರಬೇಕು

ಕಡಿಮೆ ಒಯ್ಯಿರಿ. ಮಳೆಯಲ್ಲಿ ಲೆನ್ಸ್ ಬದಲಿಸುವಂತಿಲ್ಲವಾದ್ದರಿಂದ ಆ ದಿನಕ್ಕೆ ಯಾವ ಲೆನ್ಸ್ ಎಂಬುದನ್ನು ಕೋಣೆಯಲ್ಲೇ ತೀರ್ಮಾನಿಸಿ, ಅದನ್ನು ಕ್ಯಾಮೆರಾಕ್ಕೆ ಹಾಕಿಕೊಂಡೇ ಹೊರಡಬೇಕು. ಕ್ಯಾಮೆರಾದ ಜೊತೆಗೆ ಬರುವ ಸಾಮಾನ್ಯ 18–55 ಅಥವಾ 24–70 ಮಿಲಿಮೀಟರ್ ಜೂಮ್ ಲೆನ್ಸು ಕಾಡು ಮತ್ತು ತೊರೆಗಳಿಗೆ ಸಾಕಾಗುತ್ತದೆ. 70–200ರ ಆಸುಪಾಸಿನ ಇನ್ನೊಂದಿದ್ದರೆ ಮಂಜಿನ ಬೆಟ್ಟಸಾಲು, ದೂರದ ಜಲಪಾತದ ಒಂದು ಭಾಗ, ಗದ್ದೆಯ ನಾಟಿ ಇವೆಲ್ಲ ಕೈಗೆಟುಕುತ್ತವೆ. ಹೊಸ ಕ್ಯಾಮೆರಾಕ್ಕೆಂದು ಹಣ ಕೂಡಿಸುತ್ತಿರುವವರಿಗೆ ನನ್ನ ಸಲಹೆಯೆಂದರೆ, ಮೊದಲು ಪ್ರತಿಫಲನದ ಹೊಳಪನ್ನು ಕಳೆಯುವ ಒಂದು ಒಳ್ಳೆಯ ಪೋಲರೈಸರ್ ಫಿಲ್ಟರನ್ನೂ ಗಾಳಿಗೆ ಅಲುಗಾಡದ ಟ್ರೈಪಾಡನ್ನೂ ಕೊಳ್ಳಿ. ಇವೆರಡು ಮಳೆಗಾಲದ ಚಿತ್ರಗಳಲ್ಲಿ ತರುವಷ್ಟು ವ್ಯತ್ಯಾಸವನ್ನು ಹೊಸ ಮಾದರಿಯ ಸೆನ್ಸರ್ ತರುವುದಿಲ್ಲ.

ಹವಾಮಾನ ನಿರೋಧಕ ಎಂದು ಮಾರುವ ಕ್ಯಾಮೆರಾಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಕ್ಯಾಮೆರಾ ಮತ್ತು ಲೆನ್ಸ್ ಎರಡಕ್ಕೂ ನೀರು ತಡೆಯುವ ರಬ್ಬರ್ ಅಂಚಿದ್ದರಷ್ಟೇ ಆ ರಕ್ಷಣೆಗೆ ಅರ್ಥವಿರುತ್ತದೆ. ಅದೂ ತುಂತುರಿಗೆ ಮತ್ತು ಸ್ವಲ್ಪ ಹೊತ್ತಿನ ಮಳೆಗೆ ಮಾತ್ರ. ಜೂಮ್ ಮಾಡುವಾಗ ಉದ್ದವಾಗುವ ಲೆನ್ಸುಗಳು ಪ್ರತಿ ಸಲವೂ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ, ಕೊಳವೆಯ ಮೇಲೆ ಕುಳಿತ ಹನಿಗಳನ್ನೂ ಒಳಗೊಯ್ಯುತ್ತವೆ. ಅಂಥ ಲೆನ್ಸನ್ನು ಹಿಂದಕ್ಕೆ ಸರಿಸುವ ಮೊದಲು ಕೊಳವೆಯನ್ನು ಬಟ್ಟೆಯಿಂದ ಒರೆಸುವ ಅಭ್ಯಾಸ ಇರಲಿ.

ಮಳೆಹೊದಿಕೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲದ ತಳದಲ್ಲಿ ಲೆನ್ಸ್ ಹುಡ್ಡಿನ ಅಳತೆಗಿಂತ ಕಿರಿದಾದ ತೂತು ಮಾಡಿ, ಹುಡ್ಡಿನ ಅಂಚಿಗೆ ಎಳೆದು ರಬ್ಬರ್ ಬ್ಯಾಂಡ್ ಬಿಗಿಯಬೇಕು. ಚೀಲದ ತೆರೆದ ಬಾಯಿ ಹಿಂಬದಿಗೆ ಬರುವುದರಿಂದ ಕೈ ಅಲ್ಲಿಂದ ಒಳಹೋಗುತ್ತದೆ. ಹುಡ್ಡನ್ನು ಮಳೆಯಲ್ಲಿ ಎಂದೂ ತೆಗೆಯಬಾರದು. ಆದರೆ ಇವೆಲ್ಲಕ್ಕಿಂತ ಒಳ್ಳೆಯ ರಕ್ಷಣೆ ಹಳೆಯ ಕಾಲದ ದೊಡ್ಡ ಕಪ್ಪು ಕೊಡೆ ಮತ್ತು ಅದನ್ನು ಹಿಡಿಯಲು ಒಪ್ಪುವ ಒಬ್ಬ ಸ್ನೇಹಿತ. ಗಾಜಿಗೆಂದೇ ನಾಲ್ಕಾರು ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆ ಬೇರೆ ಜಿಪ್ ಚೀಲಗಳಲ್ಲಿಡಿ, ಏಕೆಂದರೆ ಒಂದು ಸಲ ಒದ್ದೆಯಾದ ಬಟ್ಟೆ ಗಾಜಿನ ಮೇಲೆ ನೀರನ್ನು ಸವರುತ್ತದೆಯೇ ಹೊರತು ಒರೆಸುವುದಿಲ್ಲ. ಕ್ಯಾಮೆರಾದ ಮೈಗೆ ಮೆತ್ತನೆಯ ಹತ್ತಿಯ ಬೈರಾಸು ಸಾಕು.

ಉಂಬಳದ (ಕಾಡಿನ ಜಿಗಣೆಯ) ಕಾಟಕ್ಕೆ ಹಚ್ಚಿಕೊಳ್ಳುವ ಔಷಧಿಯ ವಿಷಯದಲ್ಲೂ ಜಾಗ್ರತೆ ಬೇಕು. ಡೀಟ್ ಇರುವ ಕೀಟ ನಿವಾರಕಗಳು ಕೆಲವು ಬಗೆಯ ಪ್ಲಾಸ್ಟಿಕ್ ಮತ್ತು ರಬ್ಬರನ್ನು ಮೆತ್ತಗಾಗಿಸಿ ಅಂಟುಅಂಟಾಗಿಸುತ್ತವೆ. ಅದನ್ನು ಹಚ್ಚಿದ ಕೈಯಲ್ಲಿ ಕ್ಯಾಮೆರಾ ಹಿಡಿಯುವುದಕ್ಕಿಂತ ಮೊಣಕಾಲವರೆಗಿನ ಒತ್ತು ನೇಯ್ಗೆಯ ಕಾಲುಚೀಲ ತೊಟ್ಟು, ಅದಕ್ಕೆ ಊರಿನವರಂತೆ ನಶ್ಯದ ಪುಡಿ ಸವರುವುದು ಒಳ್ಳೆಯದು.

ಮೋಡದ ಬೆಳಕು, ಮಂಜಿನ ಅಳತೆ

ಮೋಡ ಮುಸುಕಿದ ಬೆಳಕಿನಲ್ಲಿ ಕಡುನೆರಳುಗಳಿರುವುದಿಲ್ಲ. ಬಿಸಿಲಿನ ದಿನ ಕಾಡಿನೊಳಗೆ ಬಿಳಿ ಚುಕ್ಕೆ, ಕರಿ ಗುಂಡಿಗಳಾಗಿ ಒಡೆದುಹೋಗುವ ದೃಶ್ಯ ಈಗ ಒಂದೇ ಹದದಲ್ಲಿ ಸಿಗುತ್ತದೆ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಯಾವ ಹೊತ್ತಿನಲ್ಲೂ ಚಿತ್ರ ತೆಗೆಯಬಹುದಾದದ್ದು ಈ ಋತುವಿನ ದೊಡ್ಡ ಅನುಕೂಲ. ಕೊರತೆಯೆಂದರೆ ಬೆಳಕಿನ ಪ್ರಮಾಣ ಬಹಳ ಕಡಿಮೆ. ಆದ್ದರಿಂದ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು ಏರಿಸಿ 1600 ಅಥವಾ 3200ಕ್ಕೆ ಹೋಗಲು ಹಿಂಜರಿಯಬೇಡಿ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳಾದ ಒರಟುತನ ಕಂಡರೆ ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ. ಬಣ್ಣವಿಲ್ಲದ ಬಿಳಿ ಆಕಾಶವನ್ನು ಸಾಧ್ಯವಾದಷ್ಟು ಚೌಕಟ್ಟಿನಿಂದ ಹೊರಗಿಡಿ.

ಒದ್ದೆ ಎಲೆಗಳು ಆಕಾಶವನ್ನು ಪ್ರತಿಫಲಿಸುವುದರಿಂದ ಕಾಡಿನ ಹಸಿರು ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಪೋಲರೈಸರನ್ನು ನಿಧಾನವಾಗಿ ತಿರುಗಿಸುತ್ತ ನೋಡಿದರೆ ಒಂದು ಹಂತದಲ್ಲಿ ಆ ಹೊಳಪು ಕಳಚಿ ಎಲೆಯ ನಿಜವಾದ ಬಣ್ಣ ಕಾಣಿಸುತ್ತದೆ. ಚಿತ್ರ ತೆಗೆದ ಮೇಲೆ ಯಾವ ತಂತ್ರಾಂಶದಿಂದಲೂ ಇದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಆದರೆ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವ ಇಲ್ಲವೇ ಇಮ್ಮಡಿಯಾಗುವ ಅಳತೆ) ಬೆಳಕನ್ನು ನುಂಗುತ್ತದೆ ಎಂಬುದು ನೆನಪಿರಲಿ. ಹಾಗೆಯೇ ಜೋಗದ ಮುಂದೆ ಕಾಮನಬಿಲ್ಲು ಮೂಡಿದಾಗ ಅದೇ ಫಿಲ್ಟರನ್ನು ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲೇ ಮಾಯವಾಗುತ್ತದೆ.

ಮಂಜು ಕವಿದ ದೃಶ್ಯವನ್ನು ಕ್ಯಾಮೆರಾದ ಮೀಟರ್ ನಡುಬೂದಿಯೆಂದು ಭಾವಿಸಿ ಕತ್ತಲಾಗಿಸುತ್ತದೆ. ಮೀಟರಿನ ಲೆಕ್ಕವನ್ನು ತಿದ್ದುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೂರನೇ ಎರಡರಿಂದ ಒಂದು ಸ್ಟಾಪ್‌ವರೆಗೆ ಹೆಚ್ಚಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ಬಲಕ್ಕೆ ಸರಿದರೂ ಬಲಗೋಡೆಗೆ ತಾಗದಂತೆ ನೋಡಿಕೊಂಡರೆ ಮಂಜು ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣದ ಹದ ಹೇಳುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 5500 ಕೆಲ್ವಿನ್ ಸುಮಾರಿಗೆ ನಿಲ್ಲಿಸಿ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಒಂದೇ ಬೆಟ್ಟದ ನಾಲ್ಕು ಚಿತ್ರಗಳು ನಾಲ್ಕು ಬಣ್ಣದಲ್ಲಿ ಬರುವುದು ತಪ್ಪುತ್ತದೆ. ಮಂಜಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಹತ್ತಿರದ ಕಪ್ಪು ಕಾಂಡದ ಅಂಚಿಗೆ ಗುರಿಯಿಟ್ಟು ಫೋಕಸ್ ಮಾಡಿ, ನಂತರ ಮ್ಯಾನ್ಯುಯಲ್‌ಗೆ ಬದಲಿಸಿ ಬಿಡಬೇಕು. ಇನ್ನು ನಿಲ್ಲುವ ಜಾಗದ ಮಾತು. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದು ಮಳೆಗಾಲದಲ್ಲಿ ಅದರ ತುದಿ ಆಗಾಗ ಮೋಡದೊಳಗೇ ಇರುತ್ತದೆ. ತುದಿ ಮುಟ್ಟಿದ ತೃಪ್ತಿ ಬೇರೆ; ಚಿತ್ರ ಬೇಕಾದವರು ಮೋಡದ ಅಂಚು ಕೆಳಗಿಳಿದು ಮೇಲೇರುವ ನಡುಮಟ್ಟದ ತಿರುವುಗಳಲ್ಲಿ, ಹತ್ತಿರದಲ್ಲೊಂದು ಒಂಟಿ ಮರವನ್ನೋ ಬಂಡೆಯನ್ನೋ ಚೌಕಟ್ಟಿಗೆ ಸೇರಿಸಿಕೊಂಡು, ಟ್ರೈಪಾಡ್ ಹೂಡಿ ಕಾಯಬೇಕು.

ನೀರಿನ ವೇಗ, ಷಟರಿನ ವೇಗ

ಜಲಪಾತವೆಂದರೆ ನೀರನ್ನು ರೇಷ್ಮೆಯಂತೆ ನುಣುಪಾಗಿಸುವುದೇ ಎಂಬ ರೂಢಿ ಹವ್ಯಾಸಿಗಳಲ್ಲಿ ಬಲವಾಗಿದೆ. ಬಂಡೆಗಳ ನಡುವೆ ಎಳೆಯೆಳೆಯಾಗಿ ಇಳಿಯುವ ಸಣ್ಣ ತೊರೆಗೆ ಅದು ಒಪ್ಪುತ್ತದೆ. ಅಲ್ಲಿ ಐಎಸ್‌ಒ 100, ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 11, ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಷಟರ್ ಸಾಕು. ಕಾಡಿನ ನೆರಳಿನಲ್ಲಿ ಪೋಲರೈಸರ್ ಒಂದೇ ಇಷ್ಟು ನಿಧಾನ ವೇಗವನ್ನು ಕೊಡುವುದರಿಂದ ಬೆಳಕನ್ನು ತಗ್ಗಿಸುವ ಪ್ರತ್ಯೇಕ ಎನ್‌ಡಿ ಫಿಲ್ಟರ್ ಬೇಕಾಗುವುದು ಅಪರೂಪ. ತೆರೆದ ಜಾಗದಲ್ಲಿ ಬೇಕಾದರೆ ಆರು ಸ್ಟಾಪಿನ, ಅಂದರೆ ಬೆಳಕನ್ನು 64 ಪಾಲು ತಗ್ಗಿಸುವ ಫಿಲ್ಟರ್ ಯಥೇಚ್ಛವಾಯಿತು. ಆದರೆ 253 ಮೀಟರ್ ಎತ್ತರದಿಂದ ಕೆಂಪು ನೀರು ಬಂಡೆಗಪ್ಪಳಿಸುವ ಜೋಗವನ್ನು ಒಂದು ಸೆಕೆಂಡ್ ತೆರೆದಿಟ್ಟರೆ ಆ ಅಬ್ಬರವೆಲ್ಲ ಹಾಲಿನ ಪರದೆಯಾಗಿ ಚಪ್ಪಟೆಯಾಗುತ್ತದೆ. ಅಲ್ಲಿ 1/500 ಸೆಕೆಂಡಿನ ಚಿತ್ರಗಳೇ ನನಗೆ ಹೆಚ್ಚು ನಿಜವೆನಿಸುತ್ತವೆ. 1/15ರ ಸುಮಾರಿನಲ್ಲಿ ತೆಗೆದರೆ ನೀರಿನ ಓಟವೂ ಅದರ ಮೈಯ ಗಂಟುಗಳೂ ಒಟ್ಟಿಗೆ ಕಾಣುತ್ತವೆ. ಕಮರಿಯಿಂದ ಏಳುವ ಮಂಜು ಜಲಪಾತವನ್ನು ಪೂರ್ತಿ ಮುಚ್ಚಿಬಿಡುವುದು ಸಾಮಾನ್ಯ. ನಿರಾಶರಾಗಿ ಬಸ್ಸು ಹತ್ತುವವರೇ ಹೆಚ್ಚು. ಒಂದು ಗಂಟೆ ನಿಂತವರಿಗೆ ಗಾಳಿ ತಿರುಗಿದಾಗ ಕೆಲವು ನಿಮಿಷಗಳ ಮಟ್ಟಿಗೆ ತೆರೆ ಸರಿಯುವುದು ಕಂಡೀತು.

ಟ್ರೈಪಾಡಿನ ಮೇಲೆ ಕ್ಯಾಮೆರಾ ಇರುವಾಗ ಎರಡು ಸೆಕೆಂಡಿನ ಟೈಮರ್ ಬಳಸಿ. ಹರಿಯುವ ನೀರಿನಲ್ಲಿ ಅದರ ಕಾಲುಗಳನ್ನು ಊರಿದರೆ ನಡುಕ ಚಿತ್ರಕ್ಕೂ ತಲುಪುತ್ತದೆ, ಹಾಗಾಗಿ ಬಂಡೆಯೇ ಮೇಲು. ತಿಳಿಯಾಗಿದ್ದ ಹಳ್ಳ ಇದ್ದಕ್ಕಿದ್ದಂತೆ ಕದಡಿ ಕೆಂಪಾದರೆ, ತರಗೆಲೆ ಮತ್ತು ಕಡ್ಡಿಗಳು ತೇಲಿಬರಲು ತೊಡಗಿದರೆ ಮೇಲ್ಗಡೆ ಮಳೆ ಬಿದ್ದಿದೆಯೆಂದು ತಿಳಿದು ಆ ಕ್ಷಣವೇ ದಡ ಸೇರಬೇಕು. ಸಲಕರಣೆಯನ್ನು ಬಿಟ್ಟು ಬರಬೇಕಾಗಿ ಬಂದರೆ ಬಿಟ್ಟು ಬನ್ನಿ.

ಮಳೆಯನ್ನೇ ಚಿತ್ರದಲ್ಲಿ ತೋರಿಸುವುದು ನೀರನ್ನು ತೋರಿಸುವುದಕ್ಕಿಂತ ಕಷ್ಟ. ಬಿಳಿ ಆಕಾಶದೆದುರು ಮಳೆಹನಿ ಕಾಣುವುದೇ ಇಲ್ಲ. ಹಿಂದೆ ಅಡಿಕೆ ತೋಟದ ಕತ್ತಲೋ ಕೊಟ್ಟಿಗೆಯ ಬಾಗಿಲಿನ ಕಪ್ಪೋ ಇರಬೇಕು. 1/60 ಸೆಕೆಂಡಿನಲ್ಲಿ ಹನಿಗಳು ಎಳೆಗಳಾಗಿ ಬೀಳುತ್ತವೆ, 1/500ರಲ್ಲಿ ಮುತ್ತುಗಳಾಗಿ ನಿಲ್ಲುತ್ತವೆ. ಹೆಂಚಿನ ಮಾಡಿನ ಅಂಚಿನಿಂದ ಸಾಲಾಗಿ ಇಳಿಯುವ ನೀರನ್ನು ಜಗಲಿಯ ಮೇಲೆ ಕೂತು, ಕ್ಯಾಮೆರಾ ಒಂದಿಷ್ಟೂ ಒದ್ದೆಯಾಗದಂತೆ ತೆಗೆಯಬಹುದು ಎಂಬುದನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ. ಗದ್ದೆಯಲ್ಲಿ ಗೊರಬು (ಮಳೆಗೆ ತಲೆ ಬೆನ್ನು ಮುಚ್ಚುವ ಹೊದಿಕೆ) ಸೂಡಿ ನಾಟಿ ಮಾಡುವವರ, ಮಳೆ ಹೊಳವಾದ ಹೊತ್ತು ನೋಡಿ ಅಡಿಕೆಗೆ ಔಷಧಿ ಹೊಡೆಯಲು ಮರ ಹತ್ತಿದವರ ಚಿತ್ರ ತೆಗೆಯುವ ಮೊದಲು ಅವರನ್ನು ಮಾತಾಡಿಸಬೇಕು. ಅವರಿಗದು ಅವಸರದ ಕೆಲಸ, ಕೊಳೆರೋಗ ಕಾಯುವುದಿಲ್ಲ.

ಫೋನಿನಲ್ಲೇ ಚಿತ್ರ ತೆಗೆಯುವವರಿಗೆ ಇವೆಲ್ಲ ಬಹುಪಾಲು ಅನ್ವಯಿಸುತ್ತವೆ. ಒದ್ದೆ ಪರದೆ ಬೆರಳಿನ ಮಾತು ಕೇಳದಿದ್ದಾಗ ಧ್ವನಿ ಏರಿಸುವ ಗುಂಡಿಯನ್ನೇ ಷಟರಿನಂತೆ ಒತ್ತಿದರಾಯಿತು.

ರಾತ್ರಿಯ ಕಪ್ಪೆಗಳು

ಊರಿನ ಬಲ್ಲವರ ಜೊತೆಯಿಲ್ಲದೆ ರಾತ್ರಿ ಕಾಡಿಗೆ ಹೋಗಬಾರದು. ಕೈಯಿಟ್ಟು ಒರಗುವ ಕೊಂಬೆಯ ಮೇಲೆ ಮಲಬಾರ್ ಗುಳಿಮಂಡಲ ಹಾವು ಎಲೆಯ ಬಣ್ಣದಲ್ಲೇ ಸುತ್ತಿಕೊಂಡಿರಬಹುದು. ಅತಿ ಹತ್ತಿರದಿಂದ ತೆಗೆಯಲು ಬರುವ 90ರಿಂದ 105 ಮಿಲಿಮೀಟರ್ ಮ್ಯಾಕ್ರೋ ಲೆನ್ಸು, ಎಫ್ 11, 1/200 ಸೆಕೆಂಡ್, ಐಎಸ್‌ಒ 400, ಜೊತೆಗೆ ಬಿಳಿ ಬಟ್ಟೆಯನ್ನೋ ತೆಳು ಫೋಮ್ ಹಾಳೆಯನ್ನೋ ಮುಂದೆ ಕಟ್ಟಿದ ಫ್ಲಾಶ್ ಇದ್ದರೆ ಶುರುಮಾಡಲು ಸಾಕು. ಫ್ಲಾಶಿನ ಬೆಳಕು ಮೆತ್ತಗಾಗದಿದ್ದರೆ ಕಪ್ಪೆಯ ಒದ್ದೆ ಮೈಯೆಲ್ಲ ಬಿಳಿ ಕಲೆಗಳಾಗುತ್ತವೆ. ಫೋಕಸ್ ಕಣ್ಣಿನ ಮೇಲಿರಲಿ. ಕಪ್ಪೆಯನ್ನು ಹಿಡಿದು ಚಂದದ ಎಲೆಯ ಮೇಲೆ ಕೂರಿಸಿ ತೆಗೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದರ ಚರ್ಮ ತಾಗಿದ್ದನ್ನು ಹೀರಿಕೊಳ್ಳುತ್ತದೆ, ನಮ್ಮ ಕೈಯಲ್ಲಿ ಉಪ್ಪು, ಎಣ್ಣೆ, ಉಂಬಳದ ಔಷಧಿ ಎಲ್ಲವೂ ಇರುತ್ತವೆ. ಒಂದು ಪ್ರಾಣಿಗೆ ನಾಲ್ಕೈದು ಫ್ಲಾಶ್ ಆದ ಮೇಲೆ ದೀಪ ಆರಿಸಿ ಮುಂದೆ ಹೋಗಿ.

ಕೋಣೆಗೆ ಮರಳಿದ ಮೇಲೆ

ಮಳೆಗಾಲದಲ್ಲಿ ಕ್ಯಾಮೆರಾ ಕೆಡುವುದು ಹೊರಗೆ ಬಿದ್ದ ಹನಿಗಿಂತ ಹೆಚ್ಚಾಗಿ ರಾತ್ರಿಯಿಡೀ ಒದ್ದೆ ಚೀಲದಲ್ಲಿ ಕೂತ ತೇವದಿಂದ. ಆಗುಂಬೆಯ ಹೋಮ್‌ಸ್ಟೇಯ ಕೋಣೆಯಲ್ಲಿ ಗಾಳಿಯೇ ಹಸಿಯಾಗಿರುವಾಗ ಚೀಲ ತೆರೆದಿಟ್ಟು ಫ್ಯಾನ್ ಹಾಕಿದರೆ ಹೆಚ್ಚಿನ ಪ್ರಯೋಜನವಿಲ್ಲ. ಮೊದಲು ಬೈರಾಸಿನಿಂದ ಕ್ಯಾಮೆರಾವನ್ನು ಒತ್ತಿ ಒರೆಸಿ; ಉಜ್ಜಿದರೆ ನೀರು ಗುಂಡಿಗಳ ಸಂದಿಗೆ ಇಳಿಯುತ್ತದೆ. ಬ್ಯಾಟರಿ ಮತ್ತು ಕಾರ್ಡಿನ ಬಾಗಿಲುಗಳ ಅಂಚು, ಫ್ಲಾಶ್ ಕೂರುವ ಲೋಹದ ಜಾಗ, ಜೂಮ್ ಉಂಗುರದ ಕೆಳಭಾಗ ಇವು ನೀರು ಅಡಗುವ ಮೂಲೆಗಳು. ಆಮೇಲೆ ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗೆ, ಒಂದೆರಡು ಹಿಡಿ ಸಿಲಿಕಾ ಜೆಲ್ ತುಂಬಿದ ಬಟ್ಟೆಯ ಪೊಟ್ಟಣದೊಂದಿಗೆ ಕ್ಯಾಮೆರಾ ಮತ್ತು ಲೆನ್ಸನ್ನು ಇಟ್ಟು ಮುಚ್ಚಿಬಿಡಿ. ಕಿತ್ತಳೆ ಬಣ್ಣದ ಸೂಚಕವಿರುವ ಜೆಲ್ ಕೊಂಡರೆ ತೇವ ಕುಡಿದು ತುಂಬಿದಾಗ ಬಣ್ಣ ಬದಲಾಗಿ ಗೊತ್ತಾಗುತ್ತದೆ. ಅದನ್ನು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಬಚ್ಚಲ ಒಲೆಯ ಪಕ್ಕದಲ್ಲಾಗಲಿ ಹೇರ್ ಡ್ರೈಯರಿನ ಎದುರಿಗಾಗಲಿ ಕ್ಯಾಮೆರಾವನ್ನು ಒಣಗಿಸಬೇಡಿ. ಕಾವಿಗೆ ಅಂಟು ಸಡಿಲವಾಗುತ್ತದೆ, ಗಾಳಿಯ ರಭಸಕ್ಕೆ ಹನಿ ಇನ್ನೂ ಒಳಗೆ ಹೋಗುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಸೇರುವುದು ಅಕ್ಕಿಯ ಹುಡಿ ಮಾತ್ರ.

ಕ್ಯಾಮೆರಾದೊಳಗೆ ನಿಜವಾಗಿಯೂ ನೀರು ಹೋಗಿದ್ದರೆ ತಕ್ಷಣ ಆಫ್ ಮಾಡಿ, ಬ್ಯಾಟರಿ ಮತ್ತು ಕಾರ್ಡ್ ತೆಗೆದು, ಇದೇ ಡಬ್ಬಿಯಲ್ಲಿ ಕನಿಷ್ಠ ಎರಡು ದಿನ ಬಿಡಬೇಕು. ಸರಿಯಾಯಿತೇ ಎಂದು ನಡುವೆ ಆನ್ ಮಾಡಿ ನೋಡುವ ಕುತೂಹಲವೇ ಸರ್ಕೀಟನ್ನು ಸುಡುತ್ತದೆ. ಕಾರಿನಲ್ಲಿ ಎಸಿ ಹಾಕಿಕೊಂಡು ಬಂದು ಬಾಗಿಲು ತೆರೆದೊಡನೆ ತಣ್ಣಗಾದ ಗಾಜಿನ ಮೇಲೆ ಹಬೆ ಕೂರುವುದೂ ಇದೇ ಬಗೆಯ ತೊಂದರೆ. ಊರು ತಲುಪಲು ಅರ್ಧ ಗಂಟೆ ಇರುವಾಗಲೇ ಎಸಿ ನಿಲ್ಲಿಸಿದರೆ ಅದು ತಪ್ಪುತ್ತದೆ.

ಬೂಸ್ಟು ಹಿಡಿದಿದೆಯೇ ಎಂದು ತಿಳಿಯಲು ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ. ಬೇಗ ತೋರಿಸಿದರೆ ಶುಚಿಗೊಳಿಸಲು ಬರುತ್ತದೆ, ಬಿಟ್ಟರೆ ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಮನೆಯಲ್ಲಿ ಲೆನ್ಸುಗಳನ್ನು 40ರಿಂದ 50 ಶೇಕಡಾ ತೇವಾಂಶದಲ್ಲಿಟ್ಟರೆ ಒಳ್ಳೆಯದು. ಕಂಪನಿ ಕೊಟ್ಟ ಚರ್ಮದ ಚೀಲದೊಳಗೆ ಅವನ್ನು ವರ್ಷಗಟ್ಟಲೆ ಇಡಬೇಡಿ.

ಆರಿಸುವುದು, ಹಂಚುವುದು

ಮಂಜಿನ ಬೆಟ್ಟದ ನಲವತ್ತು ಚಿತ್ರಗಳನ್ನು ಒಟ್ಟಿಗೆ ಹಂಚಿದರೆ ನೋಡುವವರು ನಾಲ್ಕನೆಯದಕ್ಕೇ ಬೆರಳು ಸರಿಸುತ್ತಾರೆ. ಪ್ರವಾಸದಿಂದ ಬಂದ ಒಂದು ವಾರದ ನಂತರ, ಮಳೆಯಲ್ಲಿ ನಿಂತ ಕಷ್ಟದ ನೆನಪು ಸ್ವಲ್ಪ ಆರಿದ ಮೇಲೆ, ಕೂತು ಆರಿಸಿದರೆ ಆಯ್ಕೆ ಹೆಚ್ಚು ನಿಷ್ಠುರವಾಗಿರುತ್ತದೆ. ತಿದ್ದುವಾಗ ಹಸಿರಿನ ಗಾಢತೆಯನ್ನು ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಳೆಗಾಲದ ಕಾಡು ಹೇಗೂ ಹಸಿರಾಗಿರುವುದರಿಂದ ಬಣ್ಣಕ್ಕೆ ಕೈಹಾಕದೆ ಕಪ್ಪನ್ನು ಮಾತ್ರ ಕೊಂಚ ಗಟ್ಟಿಗೊಳಿಸಿದರೆ ಸಾಕು. ಮಂಜನ್ನು ಅಳಿಸುವ ಡೀಹೇಜ್ ಸೌಲಭ್ಯವನ್ನು ಮಂಜಿಗಾಗಿಯೇ ಹೋದವರು ಬಳಸುವುದರಲ್ಲಿ ಅರ್ಥವಿಲ್ಲ. ಹಂಚುವ ಪ್ರತಿಯನ್ನು ಎಸ್‌ಆರ್‌ಜಿಬಿ ಬಣ್ಣಶ್ರೇಣಿಯಲ್ಲಿ, ಉದ್ದನೆಯ ಬದಿ 2048 ಪಿಕ್ಸೆಲ್ ಇರುವಂತೆ ಉಳಿಸಿದರೆ ಬೇರೆಯವರ ಪರದೆಯಲ್ಲೂ ಬಣ್ಣ ಬಹುಮಟ್ಟಿಗೆ ನೀವು ಕಂಡಂತೆಯೇ ಬರುತ್ತದೆ.

ಚಿತ್ರದ ಜೊತೆಗೆ ಕ್ಯಾಮೆರಾದ ಹೆಸರಿಗಿಂತ ಷಟರ್ ವೇಗ, ಲೆನ್ಸಿನ ಫೋಕಲ್ ಉದ್ದ, ಟ್ರೈಪಾಡ್ ಇತ್ತೇ, ಯಾವ ತಿಂಗಳು, ಎಷ್ಟು ಹೊತ್ತಿಗೆ ಎಂಬ ವಿವರಗಳನ್ನು ಬರೆದರೆ ಕಲಿಯುವವರಿಗೆ ಉಪಕಾರವಾಗುತ್ತದೆ. ಜೋಗ, ಮುಳ್ಳಯ್ಯನಗಿರಿಯಂಥ ಎಲ್ಲರಿಗೂ ಗೊತ್ತಿರುವ ಸ್ಥಳಗಳ ಹೆಸರು ಹಾಕಲು ಅಡ್ಡಿಯಿಲ್ಲ. ಆದರೆ ಹೆಸರಿಲ್ಲದ ಹಳ್ಳ, ಆರ್ಕಿಡ್ ಅರಳಿದ ಮರ, ಕಾಳಿಂಗ ಸರ್ಪ ಎಲೆಗಳನ್ನು ಗುಡ್ಡೆ ಹಾಕಿ ಕಟ್ಟಿದ ಗೂಡು, ಕಪ್ಪೆಗಳು ಸೇರುವ ಹೊಂಡ ಇವುಗಳ ಜಾಗವನ್ನು ತಾಲ್ಲೂಕಿನ ಮಟ್ಟಕ್ಕಿಂತ ನಿಖರವಾಗಿ ಹೇಳಬಾರದು, ಏಕೆಂದರೆ ಮುಂದಿನ ಭಾನುವಾರವೇ ಅಲ್ಲಿಗೆ ಹತ್ತು ಕಾರುಗಳು ಬರಬಹುದು. ಫೋನುಗಳೂ ಕೆಲವು ಕ್ಯಾಮೆರಾಗಳೂ ಚಿತ್ರದ ಕಡತದೊಳಗೇ ಜಿಪಿಎಸ್ ಅಂಕಿಗಳನ್ನು ಬರೆದಿಡುತ್ತವೆ. ಫೋನಿನಲ್ಲಿ ಹಂಚುವ ಮೊದಲು ಸ್ಥಳದ ಮಾಹಿತಿ ತೆಗೆಯುವ ಆಯ್ಕೆಯನ್ನು, ಕಂಪ್ಯೂಟರಿನಲ್ಲಿ ರಫ್ತು ಮಾಡುವಾಗ ಸ್ಥಳ ಮಾಹಿತಿ ಬೇಡವೆಂಬ ಗುರುತನ್ನು ಒತ್ತಿ, ಉಳಿಸಿದ ಪ್ರತಿಯ ವಿವರಗಳನ್ನು ಒಮ್ಮೆ ತೆರೆದು ಅಂಕಿಗಳು ಹೋಗಿವೆಯೆಂದು ಖಚಿತಪಡಿಸಿಕೊಂಡ ನಂತರವೇ ಕಳುಹಿಸಿ.